ಮೂರು ಗಡಿ ತಾಲ್ಲೂಕುಗಳ ಬೀಜಚರಿತ್ರೆ

ಬೀದರದ ಜಂಬಿಟ್ಟಿಗೆಯ ಪ್ರಸ್ಥಭೂಮಿ ಮೂಡಲಿಗೆ ಇಳಿದು ಎರೆಮಣ್ಣಿನೊಡನೆ ಬೆರೆಯುವ ಎಡೆಯಲ್ಲಿ ಜಹೀರಾಬಾದು, ಮಂಜೀರಾ ನದಿಯ ಬಳಸಿನಲ್ಲಿ ನಾರಾಯಣಖೇಡ, ಅವೆರಡಕ್ಕೂ ತೆಂಕಲಾಗಿ ಕಾಗಿಣೆಯ ಹರವಿನಲ್ಲಿ, ಹಾಸುಗಲ್ಲಿಗೂ ತೊಗರಿಬೇಳೆಗೂ ಹೆಸರಾದ ತಾಂಡೂರು. ಈ ಮೂರು ಊರುಗಳ ಸುತ್ತಣ ಸೀಮೆ 1956ರ ಅಕ್ಟೋಬರ್ ಮುಗಿಯುವವರೆಗೂ ಹೈದರಾಬಾದು ರಾಜ್ಯದ ಬೀದರ ಮತ್ತು ಗುಲ್ಬರ್ಗಾ ಜಿಲ್ಲೆಗಳ ಅಂಗವಾಗಿತ್ತು. ನವೆಂಬರ್ 1ರಂದು ಜಾರಿಗೆ ಬಂದ ರಾಜ್ಯ ಪುನರ್ವಿಂಗಡಣಾ ಶಾಸನವು ನಾರಾಯಣಖೇಡ ತಾಲ್ಲೂಕನ್ನೂ, ನಿರ್ಣಾ ವೃತ್ತವೊಂದನ್ನು ಉಳಿಸಿಕೊಂಡು ಮಿಕ್ಕ ಜಹೀರಾಬಾದು ತಾಲ್ಲೂಕನ್ನೂ, ಬೀದರ ತಾಲ್ಲೂಕಿಗೆ ಸೇರಿದ್ದ ನ್ಯಾಲಕಲ್ ವೃತ್ತವನ್ನೂ ಬೀದರ ಜಿಲ್ಲೆಯಿಂದ ಬಿಡಿಸಿತು. ತಾಂಡೂರು ಕೊಡಂಗಲ್ಲುಗಳನ್ನು ಗುಲ್ಬರ್ಗಾದಿಂದ ಬಿಡಿಸಿತು. ಎಲ್ಲವನ್ನೂ ಆಂಧ್ರಪ್ರದೇಶಕ್ಕೆ ಕೂಡಿಸಿತು. 2014ರಲ್ಲಿ ತೆಲಂಗಾಣವು ಬೇರೆಯಾದ ಮೇಲೆ, 2016ರ ಜಿಲ್ಲಾ ವಿಂಗಡಣೆಯಲ್ಲಿ, ಮೊದಲೆರಡು ಊರುಗಳು ಸಂಗಾರೆಡ್ಡಿಗೂ ತಾಂಡೂರು ವಿಕಾರಾಬಾದಿಗೂ ಸಂದುವು. ಆಡಳಿತದ ಗೆರೆ ಇಷ್ಟು ಸಾರಿ ಸರಿದಾಡಿದರೂ ಮನೆಯೊಳಗಿನ ಮಾತು ಮಾತ್ರ ಕನ್ನಡ, ತೆಲುಗು, ದಖನಿ, ಮರಾಠಿಗಳ ಹಳೆಯ ಬೆರಕೆಯಲ್ಲಿಯೇ ನಡೆಯುತ್ತಿದೆ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಬೀದರ ಕಡೆಯ ಭಕ್ತರು ಈಗಲೂ ನಡೆದುಕೊಳ್ಳುತ್ತಾರೆ. ಎಳ್ಳ ಅಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ನಿಂತ ಪೈರಿಗೆ ಚರಗ ಚೆಲ್ಲುವ ಒಕ್ಕಲು ಗೆರೆಯ ಆಚೆಗೂ ಉಂಟು, ಈಚೆಗೂ ಉಂಟು.

ತಾಲ್ಲೂಕುಗಳ ಈ ಚರಿತ್ರೆ ಗೆಜೆಟಿಯರುಗಳಲ್ಲಿ ದೊರೆಯುತ್ತದೆ. ಅದಕ್ಕಿಂತ ಪ್ರಾಚೀನವಾಗಿದ್ದು ಯಾವ ದಫ್ತರಕ್ಕೂ ಸೇರದೆ ಉಳಿದ ಇನ್ನೊಂದು ಚರಿತ್ರೆ ಈ ಸೀಮೆಗೆ ಇದೆ. ಅದು ಬೀಜದ ಚರಿತ್ರೆ. ನಮ್ಮ ಕಾಲದ ಜೀವವಿಜ್ಞಾನವು ಎಪಿಜೆನೆಟಿಕ್ಸ್ ಎಂಬ ಹೆಸರಿನಲ್ಲಿ ಬೆಳೆಸಿಕೊಂಡು ಬಂದಿರುವ ಒಂದು ವಿಚಾರದ ಬೆಳಕಿನಲ್ಲಿ ಆ ಚರಿತ್ರೆಯನ್ನು ನೋಡಿದರೆ, ಬುಟ್ಟಿ ಗಡಿಗೆಗಳ ನಡುವೆ ಹೆಂಗಸರು ನಡೆಸಿಕೊಂಡು ಬಂದ ಕೆಲಸದ ಗಾಂಭೀರ್ಯ ಹೊಸತಾಗಿ ತಿಳಿಯುವುದಲ್ಲದೆ, ವಿಜ್ಞಾನವು ಇನ್ನೂ ಕೈಗೆತ್ತಿಕೊಳ್ಳಬೇಕಾದ ಒಂದು ಪ್ರಶ್ನೆಯೂ ಕಣ್ಣಿಗೆ ಬೀಳುತ್ತದೆ.

ಮೊದಲು ಪದ್ಧತಿಯನ್ನು ಹೇಳುತ್ತೇನೆ. ಇಲ್ಲಿಯ ಹೊಲ ಒಂದೇ ಬೆಳೆಯ ಹೊಲವಾಗಿರಲಿಲ್ಲ. ಕೆಂಪುಭೂಮಿಯಲ್ಲಿ ಮುಂಗಾರಿಗೆ ಜೋಳ, ಸಜ್ಜೆ, ನವಣೆ, ಸಾವೆಗಳ ನಡುನಡುವೆ ತೊಗರಿಯ ಸಾಲು, ಹೆಸರು, ಉದ್ದು, ಅಲಸಂದೆ, ಪುಂಡಿ, ಗುರೆಳ್ಳು. ಎರೆಭೂಮಿಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಅಗಸೆ. ಒಂದೇ ಎಕರೆಯಲ್ಲಿ ಇಪ್ಪತ್ತು ಬಗೆಯವರೆಗೂ ಬಿತ್ತುವುದುಂಟು. ಇಷ್ಟೂ ಬಗೆಗೆ ಬೇಕಾದ ಬೀಜವನ್ನು ಪೇಟೆಯಿಂದ ತರುವ ಮಾತೇ ಇರಲಿಲ್ಲವಾದ್ದರಿಂದ ಅದನ್ನು ಕಾಯುವ ಹೊಣೆ ಮನೆಯ ಹಿರಿಯ ಹೆಂಗಸಿನದಾಯಿತು. ಬೀಜದ ಆಯ್ಕೆ ರಾಶಿಯಾದ ಮೇಲೆ ಕಣದಲ್ಲಿ ಆಗುವುದಲ್ಲ. ಕೊಯ್ಲಿಗೆ ಮುನ್ನವೇ ಅವಳು ನಿಂತ ಪೈರಿನೊಳಗೆ ಸಾಲುಸಾಲಾಗಿ ನಡೆದು, ಹೊಲದ ಅಂಚನ್ನು ಬಿಟ್ಟು, ನಡುವಣ ಗಿಡಗಳಲ್ಲಿ ದಂಟು ಗಟ್ಟಿಯಾಗಿದ್ದು ತೆನೆ ತುಂಬಿ ಕಾಳಿನ ಮೇಲೆ ಕಪ್ಪು ಬೀಳದಿರುವವನ್ನು ಆರಿಸಿ, ಬೇರೆಯಾಗಿ ಕೊಯ್ದು, ಕಟ್ಟು ಕಟ್ಟಿ, ಬಿಸಿಲಿಗೆ ಒಣಗಿಸಿ, ಎತ್ತಿನ ತುಳಿತಕ್ಕೆ ಕೊಡದೆ ಕೋಲಿನಿಂದ ಹಗುರವಾಗಿ ಬಡಿದು ಕಾಳು ಬಿಡಿಸುತ್ತಾಳೆ. ಒಲೆಯ ಬೂದಿಯೊಡನೆ ಬೆರೆಸಿ, ಒಳಹೊರಗೆ ಸೆಗಣಿ ಮಣ್ಣು ಮೆತ್ತಿ ಒಣಗಿಸಿದ ಬುಟ್ಟಿಗೆ ತುಂಬಿ, ಮೇಲೆ ಬೇವಿನ ಸೊಪ್ಪು ಹರಡಿ, ಬಾಯಿಗೂ ಅದೇ ಮಣ್ಣನ್ನು ಮೆತ್ತಿದರೆ ಮುಂದಿನ ಮಳೆಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಬರ ಬಂದು ಹಿಟ್ಟಿನ ಗಡಿಗೆ ಬರಿದಾದರೂ ಬೀಜದ ಬುಟ್ಟಿಯನ್ನು ಒಡೆಯಬಾರದೆಂಬುದು ಮನೆಯ ಕಟ್ಟಳೆ. ಬೀಜವನ್ನು ಮಾರುವುದೂ ಇಲ್ಲ. ನೆರೆಯವಳಿಗೆ ಕಡ ಕೊಟ್ಟು, ಸುಗ್ಗಿಯಲ್ಲಿ ಅದರ ಇಮ್ಮಡಿಯನ್ನು ಕಾಳಾಗಿಯೇ ಹಿಂದಕ್ಕೆ ಪಡೆಯುವುದು ವಾಡಿಕೆ.

ಬುಟ್ಟಿಯಲ್ಲಿ ಎಂಟು ತಿಂಗಳು ಬಿದ್ದಿರುವ ಆ ಕಾಳಿನೊಳಗೆ ಏನಿದೆ? ವಂಶಗುಣಗಳನ್ನು ಹೊತ್ತ ಡಿಎನ್ಎ ಇದೆಯೆಂದು ಇಂದು ಪ್ರೌಢಶಾಲೆಯ ಬಾಲಕನೂ ಹೇಳುತ್ತಾನೆ. ತೊಗರಿಯ ಪ್ರತಿಯೊಂದು ಜೀವಕೋಶದಲ್ಲಿಯೂ 11 ಜೋಡಿ ವರ್ಣತಂತುಗಳಿವೆ. ಜೋಳದಲ್ಲಿ 10 ಜೋಡಿ. ಬೇರಿನ ತುದಿಯ ಕೋಶದಲ್ಲಿರುವ ಜೀನುಗಳೇ ಹೂವಿನ ಎಸಳಿನಲ್ಲಿಯೂ ಇವೆ, ಕಾಳಿನ ಸಿಪ್ಪೆಯಲ್ಲಿಯೂ ಇವೆ. ಒಂದೇ ಜೀನುಸಮೂಹವನ್ನು ಹೊತ್ತ ಕೋಶಗಳಲ್ಲಿ ಒಂದು ನೆಲದೊಳಗೆ ನೀರನ್ನು ಅರಸುತ್ತ ಇಳಿಯುವುದಕ್ಕೂ ಇನ್ನೊಂದು ಹಳದಿ ಹೂವಾಗಿ ಜೇನನ್ನು ಕರೆಯುವುದಕ್ಕೂ ಕಾರಣವೇನೆಂದರೆ, ಜೀನುಗಳೆಲ್ಲವೂ ಎಲ್ಲ ಕೋಶಗಳಲ್ಲಿಯೂ ಏಕಕಾಲಕ್ಕೆ ಕೆಲಸ ಮಾಡುವುದಿಲ್ಲ. ಈ ಸೀಮೆಯ ಹಗೇವನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ: ನೆಲದೊಳಗಿನ ಹಗೇವಿನಲ್ಲಿ ಚೀಲಗಟ್ಟಲೆ ಜೋಳವಿದ್ದರೂ ಬಾಯಿಗೆ ಹಾಕಿದ ಕಲ್ಲು ಮಣ್ಣುಗಳನ್ನು ತೆಗೆಯುವವರೆಗೆ ಒಂದು ಕಾಳೂ ಬೀಸುವ ಕಲ್ಲಿಗೆ ಬರುವುದಿಲ್ಲ, ಯಾವ ಹಗೇವನ್ನು ಯಾವಾಗ ತೆಗೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ನಿರ್ಧಾರದಿಂದಲೇ ಆ ಮನೆಯ ವರ್ಷ ನಡೆಯುತ್ತದೆ. ಡಿಎನ್ಎಯ ಸರಣಿಯನ್ನು ಕಿಂಚಿತ್ತೂ ಬದಲಿಸದೆ, ಅದರ ಯಾವ ಭಾಗ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ನಿರ್ಣಯಿಸಿ, ಕೋಶವು ಇಬ್ಭಾಗವಾದಾಗ ಆ ನಿರ್ಣಯವನ್ನು ಮರಿಕೋಶಗಳಿಗೂ ದಾಟಿಸುವ ವ್ಯವಸ್ಥೆಯ ಅಧ್ಯಯನವೇ ಎಪಿಜೆನೆಟಿಕ್ಸ್.

ಈ ವ್ಯವಸ್ಥೆಯ ಸಾಧನಗಳನ್ನು ಹತ್ತಿರದಿಂದ ನೋಡೋಣ. ಡಿಎನ್ಎಯ ಎಳೆ ಕೋಶಕೇಂದ್ರದಲ್ಲಿ ಬಿಡಿಬಿಡಿಯಾಗಿ ಚೆಲ್ಲಿಕೊಂಡಿರುವುದಿಲ್ಲ. ಹಿಸ್ಟೋನ್ ಎಂಬ ಪ್ರೋಟೀನಿನ ಎಂಟು ಅಣುಗಳು ಕೂಡಿ ಆದ ಒಂದೊಂದು ಗುಂಡಿನ ಮೇಲೆ ಸುಮಾರು 147 ಜೋಡಿ ಘಟಕಗಳಷ್ಟು ಉದ್ದದ ಎಳೆ ಎರಡು ಸುತ್ತಿಗೆ ತುಸು ಕಡಿಮೆಯಾಗಿ ಸುತ್ತಿಕೊಂಡಿರುತ್ತದೆ. ಅಂಥ ಲಕ್ಷಾಂತರ ಗುಂಡುಗಳು ಒಂದೇ ಎಳೆಯ ಉದ್ದಕ್ಕೂ ಇರುತ್ತವೆ. ಗುಂಡುಗಳಿಂದ ಹೊರಚಾಚಿದ ಹಿಸ್ಟೋನಿನ ತುದಿಗಳಿಗೆ ಅಸಿಟೈಲ್ ಗುಂಪು ಸೇರಿದರೆ ಹಿಡಿತ ಸಡಿಲವಾಗಿ ಆ ಭಾಗದ ಜೀನು ಕೆಲಸಕ್ಕೆ ಒದಗುತ್ತದೆ. ನಿರ್ದಿಷ್ಟವಾದ ಕೆಲವು ಸ್ಥಾನಗಳಲ್ಲಿ ಮೀಥೈಲ್ ಗುಂಪು ಸೇರಿದರೆ ಗುಂಡುಗಳು ಒತ್ತೊತ್ತಾಗಿ ಕೂಡಿ ಜೀನು ಮೌನವಾಗುತ್ತದೆ. ಇದಲ್ಲದೆ ಡಿಎನ್ಎಯ ಮೇಲೆಯೇ, ಸೈಟೊಸಿನ್ ಎಂಬ ಘಟಕಕ್ಕೆ ನೇರವಾಗಿ ಮೀಥೈಲ್ ಅಂಟಿಕೊಳ್ಳುವುದೂ ಉಂಟು. ಸಸ್ಯಗಳಲ್ಲಿ ಅತಿ ಸಣ್ಣ ಆರ್‌ಎನ್‌ಎ ತುಣುಕುಗಳು ಮೀಥೈಲ್ ಎಲ್ಲಿ ಕೂಡಬೇಕೆಂಬುದನ್ನು ತೋರಿಸಿಕೊಡುತ್ತವೆ. ಬೀಜವು ಗಿಡದಲ್ಲಿ ಬಲಿತು ಒಣಗುವಾಗ ಭ್ರೂಣದ ಕೋಶಕೇಂದ್ರಗಳು ಕುಗ್ಗಿ, ಅವುಗಳೊಳಗಿನ ಎಳೆ ಬಿಗಿದು ಕೂಡಿಕೊಳ್ಳುತ್ತದೆಂದೂ, ನೀರು ಕುಡಿದು ಮೊಳೆಯುವಾಗ ಮತ್ತೆ ಹರಡಿಕೊಳ್ಳುತ್ತದೆಂದೂ ಸಾಸಿವೆಯ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ 2011ರ ಹೊತ್ತಿಗೆ ಕಂಡುಕೊಂಡರು. ತೆನೆಯನ್ನು ಗಿಡದಲ್ಲಿಯೇ ಪೂರ್ತಿ ಬಲಿಯಬಿಟ್ಟು, ಬಿಸಿಲಿನಲ್ಲಿ ಒಣಗಿಸಿ, ಬೂದಿಯಿಂದ ತೇವವನ್ನು ದೂರವಿಟ್ಟು, ಬುಟ್ಟಿಯ ಬಾಯಿಯನ್ನು ಮೆತ್ತಿದ ಹೆಂಗಸು ಕಾಪಾಡುತ್ತಿದ್ದುದು ಆ ಬಿಗಿದ ನಿದ್ರೆಯನ್ನೇ.

ಈ ಜ್ಞಾನ ಒಂದೇ ದಿನದಲ್ಲಿ ಬಂದದ್ದಲ್ಲ. ಬಂದ ದಾರಿಯಲ್ಲಿ ಜೋಳದ ಹತ್ತಿರದ ಬಂಧುವಾದ ಮೆಕ್ಕೆಜೋಳಕ್ಕೆ ದೊಡ್ಡ ಪಾಲಿದೆ ಎಂಬುದು ಈ ಸೀಮೆಯವರು ನೆನೆಯತಕ್ಕ ಸಂಗತಿ. 1942ರಲ್ಲಿ ಇಂಗ್ಲೆಂಡಿನ ಕಾನ್ರಾಡ್ ವಾಡಿಂಗ್ಟನ್ ಎಪಿಜೆನೆಟಿಕ್ಸ್ ಎಂಬ ಹೆಸರನ್ನು ಚಲಾವಣೆಗೆ ತಂದಾಗ ಜೀನು ಯಾವ ವಸ್ತುವಿನಿಂದ ಆಗಿದೆಯೆಂಬುದೇ ನಿಶ್ಚಯವಾಗಿರಲಿಲ್ಲ. ಅದೇ ದಶಕದಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ಹೊಲದಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಎಂಬ ಮಹಿಳೆ ಮೆಕ್ಕೆಜೋಳದ ತೆನೆಗಳನ್ನು ಒಂದೊಂದಾಗಿ ಸುಲಿದು, ಕಾಳಿನ ಮೇಲೆ ಚದರಿದ ನೇರಿಳೆ ಬಣ್ಣದ ಚುಕ್ಕೆಗಳನ್ನು ಪರೀಕ್ಷಿಸುತ್ತ, ವರ್ಣತಂತುವಿನಲ್ಲಿ ತಾವಿರುವ ಎಡೆಯನ್ನು ಬದಲಿಸಬಲ್ಲ ಘಟಕಗಳಿವೆಯೆಂದೂ ಅವು ನೆರೆಯ ಜೀನುಗಳ ಕೆಲಸವನ್ನು ತಡೆಯಲು ಅಥವಾ ಬಿಡಲು ಬಲ್ಲವೆಂದೂ ಕಂಡುಕೊಂಡಳು. ಆ ಘಟಕಗಳೇ ಕೆಲವು ಪೀಳಿಗೆ ಮೌನವಾಗಿದ್ದು ಮುಂದೆ ಎಚ್ಚರಗೊಳ್ಳುವುದನ್ನೂ ಅವಳು ಗುರುತಿಸಿದ್ದಳು. ಆ ಮೌನಕ್ಕೆ ಮೀಥೈಲ್ ಕೂಡುವುದೇ ಕಾರಣವೆಂದು ಬಹುಕಾಲದ ಮೇಲೆ ತಿಳಿದುಬಂತು. ಬಹುಮಂದಿ ವಿದ್ವಾಂಸರು ಮೊದಲು ಕಿವಿಗೊಡದ ಆ ವಿಚಾರಕ್ಕೆ ನೊಬೆಲ್ ಪಾರಿತೋಷಿಕ ಬಂದುದು 1983ರಲ್ಲಿ, ಅವಳ ಎಂಬತ್ತೊಂದನೆಯ ವಯಸ್ಸಿನಲ್ಲಿ. ಇತ್ತ ಮೂರು ತಾಲ್ಲೂಕುಗಳು ಕೈಬದಲಾದ 1956ರಲ್ಲಿಯೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಲೆಗ್ಸಾಂಡರ್ ಬ್ರಿಂಕ್ ಅದೇ ಮೆಕ್ಕೆಜೋಳದ ಬಣ್ಣದ ಜೀನೊಂದರಲ್ಲಿ ಇನ್ನೊಂದು ವಿಸ್ಮಯವನ್ನು ಪ್ರಕಟಿಸಿದನು: ಒಂದೇ ಜೀನಿನ ಎರಡು ರೂಪಗಳು ಒಂದೇ ಗಿಡದಲ್ಲಿ ಕೂಡಿದಾಗ ಒಂದು ಇನ್ನೊಂದರ ಬಲವನ್ನು ಕುಗ್ಗಿಸಿಬಿಡುತ್ತದೆ, ಮುಂದಿನ ಪೀಳಿಗೆಯಲ್ಲಿ ಅವು ಬೇರೆಯಾದರೂ ಕುಗ್ಗಿದ್ದು ಕುಗ್ಗಿದಂತೆಯೇ ಉಳಿಯುತ್ತದೆ. ಮೆಂಡಲನ ನಿಯಮದಲ್ಲಿ ಇದಕ್ಕೆ ಎಡೆಯಿರಲಿಲ್ಲ.

ಡಿಎನ್ಎಗೆ ಅಂಟುವ ಮೀಥೈಲೇ ಈ ಬಗೆಯ ನೆನಪಿನ ವಾಹಕವಾಗಿರಬಹುದೆಂದು 1975ರಲ್ಲಿ ಬ್ರಿಟನ್ನಿನ ರಾಬಿನ್ ಹಾಲಿಡೆ ಮತ್ತು ಅಮೆರಿಕದ ಆರ್ಥರ್ ರಿಗ್ಸ್ ಬೇರೆಬೇರೆಯಾಗಿ ಸೂಚಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಶರತ್ ಚಂದ್ರ ಅವರು ಬರ್ಕಲಿಯ ಸ್ಪೆನ್ಸರ್ ಬ್ರೌನ್ ಅವರೊಡನೆ ಕೂಡಿ ವರ್ಣತಂತುಗಳ ಮುದ್ರೆಯನ್ನು ಕುರಿತ ಪ್ರಸಿದ್ಧವಾದ ಲೇಖನವನ್ನು ಬರೆದುದೂ ಅದೇ ವರ್ಷ. ಅವರ ಚಿಂತನೆಗೆ ಆಧಾರವಾದ ಜೀವಿ ನಮ್ಮ ರೈತರು ಶಪಿಸುವ ಹಿಟ್ಟುತಿಗಣೆಯ ಜಾತಿಯದು. ಗಂಡು ಹಿಟ್ಟುತಿಗಣೆಯಲ್ಲಿ ತಂದೆಯಿಂದ ಬಂದ ವರ್ಣತಂತುಗಳ ಸಮೂಹವೆಲ್ಲವೂ ಮುದುಡಿ ನಿಷ್ಕ್ರಿಯವಾಗುತ್ತದೆ, ತಾಯಿಯಿಂದ ಬಂದದ್ದು ಮಾತ್ರ ಕೆಲಸ ಮಾಡುತ್ತದೆ. ಜೀನು ಯಾರ ಕಡೆಯಿಂದ ಬಂತೆಂಬ ಗುರುತನ್ನು ಕೋಶವು ಹೇಗೋ ಇರಿಸಿಕೊಂಡಿರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಕನ್ನಡ ನಾಡಿನ ವಿಜ್ಞಾನಚರಿತ್ರೆಯನ್ನು ಬರೆಯುವವರು ಈ ಕೆಲಸಕ್ಕೆ ಇನ್ನೂ ಹೆಚ್ಚಿನ ಎಡೆ ಕೊಡಬೇಕೆಂದು ನನ್ನ ಭಾವನೆ.

ಜಹೀರಾಬಾದಿನ ಹೊಲಕ್ಕೆ ಮರಳೋಣ. ಮೆಕ್ಲಿಂಟಾಕ್‌ಗೆ ಪಾರಿತೋಷಿಕ ಬಂದ 1983ನೆಯ ವರ್ಷ ಈ ಸೀಮೆಯ ಬದುಕಿನಲ್ಲಿಯೂ ಒಂದು ತಿರುವು. ಆಂಧ್ರಪ್ರದೇಶದಲ್ಲಿ ಅಧಿಕಾರಕ್ಕೆ ಬಂದ ಎನ್. ಟಿ. ರಾಮರಾವ್ ಅವರ ಸರ್ಕಾರ ಬಡವರಿಗೆ ಕಿಲೋಗೆ 2 ರೂಪಾಯಿಯಂತೆ ಅಕ್ಕಿಯನ್ನು ಹಂಚಲು ತೊಡಗಿತು. ಹಸಿದವರಿಗೆ ಅನ್ನವಿಟ್ಟ ಆ ಕಾರ್ಯವನ್ನು ಹಳಿಯಲು ಯಾರಿಗೂ ಬಾಯಿಲ್ಲ. ಆದರೆ ನೀರಾವರಿಯ ಕೃಷ್ಣಾ ಗೋದಾವರಿ ಮುಖಜ ಭೂಮಿಯಲ್ಲಿ ಬೆಳೆದ ಆ ಅಕ್ಕಿ, ಮಳೆಯನ್ನೇ ನಂಬಿ ಜೋಳ ತಿಂದು ಬದುಕಿದ್ದ ಈ ಮೆಟ್ಟುನೆಲದ ತಾಲ್ಲೂಕುಗಳಿಗೂ ಬಂದಾಗ, ಜೋಳ ನವಣೆಗಳ ಬೇಸಾಯಕ್ಕೆ ಇದ್ದ ಮನೆಯ ಗಿರಾಕಿಯೇ ಇಲ್ಲವಾದನು. ದಲಿತ ಕುಟುಂಬಗಳಿಗೆ ಸರ್ಕಾರ ಕೊಟ್ಟಿದ್ದ ಕಲ್ಲುನೆಲಗಳು ಬೀಳುಬಿದ್ದುವು. ಬಿತ್ತದ ಬೀಜಕ್ಕೆ ಆಯುಷ್ಯ ಕಡಿಮೆ. ಎರಡು ಮೂರು ವರ್ಷ ಹೊಲವನ್ನು ಕಾಣದಿದ್ದರೆ ಮೊಳಕೆಯ ಬಲ ಕುಗ್ಗುತ್ತದೆ, ಮುಂದೆ ಆ ತಳಿಯೇ ಊರಿನಿಂದ ಮರೆಯಾಗುತ್ತದೆ.

ಅದೇ 1983ರಲ್ಲಿ ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಪ್ರಾರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾಗಿದ್ದು ಮುಂದೆ ನಾಲ್ಕು ದಶಕಗಳ ಕಾಲ ಅದರ ಜೀವಾಳವಾಗಿದ್ದ ಪಿ. ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. 2023ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಹಳ್ಳಿ ಹಳ್ಳಿಯಲ್ಲಿ ಬಡ ಹೆಂಗಸರು, ಅವರಲ್ಲಿಯೂ ಬಹುಪಾಲು ದಲಿತ ಹೆಂಗಸರು, ಸಂಘ ಕಟ್ಟಿಕೊಂಡು ಮಾಡಿದ ಕೆಲಸ ಸಾಮಾನ್ಯವಾದುದಲ್ಲ. ಬೀಳು ನೆಲವನ್ನು ಸಾಗುವಳಿಗೆ ತಂದರು. 1990ರ ದಶಕದ ನಡುವೆ, ಪಡಿತರದ ಅಕ್ಕಿಗೆ ಬದಲಾಗಿ ತಮ್ಮೂರಿನ ಜೋಳವನ್ನೇ ತಮ್ಮೂರಿನ ಬಡವರಿಗೆ ಕಡಿಮೆ ಬೆಲೆಗೆ ಹಂಚುವ ಧಾನ್ಯನಿಧಿಗಳನ್ನು ನಡೆಸಿದರು. ಯಾರ ಅಟ್ಟದಲ್ಲಿ ಯಾವ ಬುಟ್ಟಿ ಉಳಿದಿದೆಯೆಂದು ಹುಡುಕಿ, ಒಂದು ಸೇರು ತಂದು ಎರಡು ಸೇರು ಕೊಡುವ ಹಳೆಯ ಕಟ್ಟಳೆಯ ಮೇಲೆಯೇ ಊರೂರಿನ ಬೀಜದ ಕಣಜಗಳನ್ನು ನಿಲ್ಲಿಸಿದರು. ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಬಂಡಿಗಳನ್ನು ಸಿಂಗರಿಸಿ, ಬೀಜದ ಗಡಿಗೆಗಳನ್ನು ಹೇರಿ, ಒಂದು ತಿಂಗಳ ಕಾಲ ಊರಿಂದೂರಿಗೆ ಸಾಗುವ ಹಳೆಯ ಬೆಳೆಗಳ ಜಾತ್ರೆಯನ್ನು ನಡೆಸಿದರು. 2008ರ ಅಕ್ಟೋಬರಿನಲ್ಲಿ ಮಾಚನೂರಿನಿಂದ ಸಂಘಂ ರೇಡಿಯೊ ತೊಡಗಿದಾಗ ಅದರಲ್ಲಿ ಕೇಳಿಸಿದ್ದೂ ಇವರದೇ ದನಿ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ದೊಡ್ಡದೆಂದು ನನಗೆ ತೋರುವುದು, ಅಕ್ಷರ ಕಲಿಯದ ಹೆಂಗಸೊಬ್ಬಳು ಹತ್ತಾರು ತಳಿಗಳ ಕಾಳನ್ನು ಅಂಗೈಯಲ್ಲಿ ಹರಡಿಕೊಂಡು, ಇದು ತಡವಾಗಿ ಬಿತ್ತಿದರೂ ನಡೆಯುತ್ತದೆ, ಇದು ಮಂಜನ್ನು ನೆಚ್ಚಿದ್ದು, ಇದರ ರೊಟ್ಟಿ ಬಾಣಂತಿಗೆ ಒಳ್ಳೆಯದು ಎಂದು ಬೇರ್ಪಡಿಸಿ ಹೇಳಬಲ್ಲ ಆ ವಿವೇಕ.

ಬಾಣಂತಿಯ ಮಾತು ಬಂದುದರಿಂದ ಮನುಷ್ಯರ ವಿಷಯವನ್ನೂ ಹೇಳಬೇಕಾಗಿದೆ. ಹಸಿವು ಗರ್ಭದಲ್ಲಿಯೇ ತನ್ನ ಗುರುತನ್ನು ಇಡಬಲ್ಲುದೆಂಬುದಕ್ಕೆ ಹಾಲೆಂಡಿನಲ್ಲಿ ದೊರೆತ ಸಾಕ್ಷ್ಯ ಪ್ರಸಿದ್ಧವಾದುದು. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ಆ ದೇಶದ ಪಶ್ಚಿಮ ಭಾಗ ಉಪವಾಸ ಬಿದ್ದಾಗ ಗರ್ಭದಲ್ಲಿ ರೂಪುಗೊಳ್ಳುತ್ತಿದ್ದವರನ್ನು ಆರು ದಶಕಗಳ ಮೇಲೆ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಮೇಲಿನ ಮೀಥೈಲ್ ಅವರಲ್ಲಿ ಅವರ ಒಡಹುಟ್ಟಿದವರಿಗಿಂತ ಕಡಿಮೆಯಾಗಿತ್ತು. ಈ ವರದಿ ಪ್ರಕಟವಾದುದು 2008ರಲ್ಲಿ. ನಮ್ಮಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1934ರಿಂದ ಹುಟ್ಟಿದ ಪ್ರತಿ ಶಿಶುವಿನ ತೂಕ ಉದ್ದಗಳನ್ನು ಬರೆದಿಟ್ಟಿತ್ತು. ಆ ಹಳೆಯ ಪುಸ್ತಕಗಳನ್ನು ಹಿಡಿದು, ಅಂದು ಹುಟ್ಟಿ ಬೆಳೆದು ವಯಸ್ಸಾದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವೈದ್ಯರು, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೂ, ಮೂರು ಕಿಲೋಗಿಂತ ಮಿಗಿಲಾಗಿ ತೂಗಿದವರಲ್ಲಿ ನೂರಕ್ಕೆ 3 ಮಂದಿಗೂ ಹೃದಯದ ರಕ್ತನಾಳದ ರೋಗವಿದೆಯೆಂದು 1996ರಲ್ಲಿ ತಿಳಿಸಿದರು. ಮೈಸೂರಿನ ಅಧ್ಯಯನವು ಜೀನಿನ ಮೇಲಿನ ಗುರುತುಗಳನ್ನು ಅಳೆದುದಲ್ಲ. ಆದರೆ ತಾಯಿಯ ಊಟ ಮಗುವಿನ ನಡುವಯಸ್ಸಿನವರೆಗೂ ಬೆಂಬಿಡದೆಂಬುದನ್ನು ಎರಡೂ ಕಡೆಯ ಸಾಕ್ಷ್ಯ ಒಟ್ಟಾಗಿ ಹೇಳುತ್ತದೆ. 1876–78ರ ಮಹಾಕ್ಷಾಮದ ದವಡೆಗೆ ಸಿಕ್ಕಿದ ದಖನಿನ ಈ ಮೆಟ್ಟುನೆಲದಲ್ಲಿ ಬಸುರಿಯ ತಟ್ಟೆಗೆ ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯಗಳನ್ನು ಮರಳಿ ತಂದ ಹೆಂಗಸರ ಕೆಲಸವನ್ನು ಕೇವಲ ಕೃಷಿಯ ಲೆಕ್ಕದಲ್ಲಿ ಅಳೆಯುವುದು ಸಾಲದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಆಡದೆ ಮುಂದುವರಿಯಲಾರೆ. ಪರಿಸರವು ಬೀಜಕ್ಕೆ ಕಲಿಸಿದ್ದೆಲ್ಲವೂ ಸಂತತಿಗೆ ಇಳಿಯುತ್ತದೆಂದು ನಂಬುವುದು ಮನಸ್ಸಿಗೆ ಹಿತ. ಆ ನಂಬಿಕೆಯು ಅಧಿಕಾರದ ಕೈಗೆ ಸಿಕ್ಕಾಗ ಆದ ಅನರ್ಥವನ್ನು ಸೋವಿಯತ್ ರಷ್ಯಾ ಕಂಡಿದೆ. ಗೋಧಿಯನ್ನು ಚಳಿಗೆ ಒಡ್ಡಿ ಅದರ ವಂಶಗುಣವನ್ನೇ ಮಾರ್ಪಡಿಸಬಹುದೆಂದು ಸಾರಿದ ಲೈಸೆಂಕೊ 1948ರಲ್ಲಿ ಆ ದೇಶದ ತಳಿವಿಜ್ಞಾನವನ್ನೇ ಬಹಿಷ್ಕರಿಸಿಬಿಟ್ಟನು. ಅದಕ್ಕೂ ಮುನ್ನ, ಜಗತ್ತನ್ನೆಲ್ಲ ಸುತ್ತಿ ಬೆಳೆಗಳ ಬೀಜವನ್ನು ಕೂಡಿಸಿದ್ದ ನಿಕೊಲಾಯ್ ವವಿಲೊವ್ ಸೆರೆಮನೆಯಲ್ಲಿ 1943ರಲ್ಲಿ ಸತ್ತನು. ಅವನು ಕಟ್ಟಿದ ಲೆನಿನ್‌ಗ್ರಾದಿನ ಬೀಜಭಂಡಾರದಲ್ಲಿ, ಮುತ್ತಿಗೆಯ ದಿನಗಳಲ್ಲಿ, ಸುತ್ತಲೂ ಅಕ್ಕಿ ಗೋಧಿಯ ಬೀಜಗಳಿದ್ದರೂ ಅವನ್ನು ಮುಟ್ಟದೆ ಕೆಲವು ವಿಜ್ಞಾನಿಗಳು ಹಸಿವಿನಿಂದ ಪ್ರಾಣ ಬಿಟ್ಟರು. ಬೀಜದ ಬುಟ್ಟಿಯನ್ನು ಒಡೆಯಬಾರದೆಂಬ ಕಟ್ಟಳೆಯನ್ನು ಬಲ್ಲ ನಮ್ಮ ಒಕ್ಕಲಗಿತ್ತಿಯರಿಗೆ ಅವರ ತ್ಯಾಗವನ್ನು ವಿವರಿಸಿ ಹೇಳಬೇಕಾಗಿಲ್ಲ. ಚಳಿಯ ನೆನಪೆಂಬುದು ಗಿಡಕ್ಕೆ ಇರುವುದು ನಿಜ. ಚಳಿಗಾಲ ಕಳೆಯಿತೆಂಬ ಗುರುತು ಹಿಸ್ಟೋನುಗಳ ಮೇಲೆ ಮೂಡಿ, ಹೂವನ್ನು ತಡೆಯುವ ಜೀನೊಂದು ಮುಚ್ಚಿಕೊಳ್ಳುವುದನ್ನು ಇಂಗ್ಲೆಂಡಿನ ಕ್ಯಾರೊಲಿನ್ ಡೀನ್ ಮತ್ತು ಅವರ ಸಹೋದ್ಯೋಗಿಗಳು ವಿಶದವಾಗಿ ತೋರಿಸಿಕೊಟ್ಟಿದ್ದಾರೆ. ಆದರೆ ಹೊಸ ಬೀಜವಾಗುವಾಗ ಆ ಗುರುತು ಅಳಿಸಿಹೋಗುತ್ತದೆ. ಪ್ರತಿ ಪೀಳಿಗೆಯೂ ತನ್ನ ಚಳಿಗಾಲವನ್ನು ತಾನೇ ಎಣಿಸಬೇಕು. ಸಸ್ತನಿಗಳಲ್ಲಿಯೂ ಬಹುಪಾಲು ಗುರುತುಗಳು ಅಂಡ ವೀರ್ಯಗಳಾಗುವಾಗ ಒಮ್ಮೆ, ಭ್ರೂಣದ ಮೊದಲ ದಿನಗಳಲ್ಲಿ ಇನ್ನೊಮ್ಮೆ ತೊಡೆದುಹೋಗುತ್ತವೆ.

ಆದರೂ ಸಸ್ಯಗಳಲ್ಲಿ ತೊಡೆಯದೆ ಉಳಿಯುವುವೂ ಇವೆ. 1740ರ ದಶಕದಲ್ಲಿ ಸ್ವೀಡನ್ನಿನ ಲಿನ್ನೇಯಸ್‌ನ ಕೈಗೆ ಲಿನೇರಿಯ ಎಂಬ ಕಾಡುಗಿಡದ ಒಂದು ವಿಚಿತ್ರ ರೂಪ ಬಂತು. ಆ ಜಾತಿಯ ಹೂ ಸಾಮಾನ್ಯವಾಗಿ ಎಡಬಲಗಳಲ್ಲಷ್ಟೇ ಸಮನಾಗಿರುವುದು. ಇದರಲ್ಲಿ ಐದೂ ಕಡೆ ಸಮವಾಗಿ ಅರಳಿತ್ತು. 1999ರಲ್ಲಿ ಇಂಗ್ಲೆಂಡಿನ ಸಂಶೋಧಕರು ಅದೇ ಬಗೆಯ ಗಿಡಗಳನ್ನು ಪರೀಕ್ಷಿಸಿದಾಗ ಹೂವಿನ ಆಕಾರಕ್ಕೆ ಕಾರಣವಾದ ಜೀನಿನ ಸರಣಿ ಕೆಟ್ಟಿರಲಿಲ್ಲ, ಅದರ ಮೇಲೆ ಮೀಥೈಲ್ ದಟ್ಟವಾಗಿ ಕೂಡಿ ಅದು ಮೌನವಾಗಿತ್ತು. ಆ ಮೌನವು ಬೀಜದ ಮೂಲಕವೇ ಮುಂದಿನ ಪೀಳಿಗೆಗೆ ಇಳಿಯುತ್ತಿತ್ತು. ಇಂಥವು ವಿರಳ, ಆದರೆ ನಿಶ್ಚಿತ. ಗಿಡವು ಪ್ರಾಣಿಯಂತೆ ಜನನಕೋಶಗಳನ್ನು ಮೊದಲೇ ಬೇರೆಯಾಗಿ ಎತ್ತಿಡುವುದಿಲ್ಲ. ಬಿಸಿಲು ಬರಗಳನ್ನು ಉಂಡು ಬೆಳೆದ ಕುಡಿಯೇ ಕಡೆಗೆ ಹೂವಾಗುತ್ತದೆ, ಆ ಹೂವೇ ಕಾಳಾಗುತ್ತದೆ.

ಬೆಳೆದ ನೆಲದ ಗುರುತು ಹೀಗೆ ಬೀಜದ ಮೂಲಕ ಮುಂದಿನ ಪೀಳಿಗೆಗೂ ಇಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಲು ತಾಂಡೂರಿನ ತೊಗರಿಗಿಂತ ತಕ್ಕ ಬೆಳೆ ದೊರೆಯಲಾರದು. ಸುಣ್ಣಕಲ್ಲಿನ ಮೇಲೆ ಕೂತ ಅಲ್ಲಿಯ ಆಳವಾದ ಎರೆಯಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ, ಹಗಲು ಮೊಟಕಾಗುತ್ತ ಬಂದಂತೆ ಹೂವಿಗೆ ಬಂದು, ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ತೇವವನ್ನೇ ಹೀರಿ ಕಾಯಿ ತುಂಬಿಸಿಕೊಳ್ಳುತ್ತದೆ. ಅದರ ಬೇಳೆಯ ರುಚಿ, ಬೇಗನೆ ಬೇಯುವ ಗುಣ, ಬಹುದಿನ ಕೆಡದೆ ನಿಲ್ಲುವ ಗುಣಗಳು ಪೇಟೆಯಲ್ಲಿ ಹೆಸರಾಗಿವೆ. ಗಡಿಯ ಈಚೆಗಿನ ಕಲಬುರಗಿ ತೊಗರಿಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 1956ರಲ್ಲಿ ಒಡೆದ ಒಂದೇ ಎರೆಭೂಮಿಗೆ ಹೀಗೆ ಎರಡು ಹೆಸರಿನ ಪತ್ರಗಳು ಬಂದುವು. ಒಂದೇ ತಳಿಯ ಬೀಜ ಬೇರೆ ಮಣ್ಣಿನಲ್ಲಿ ಬೇರೆ ಗುಣದ ಬೇಳೆಯಾಗುವುದರಲ್ಲಿ ಮಣ್ಣಿನ ಲವಣಗಳ ಪಾಲೆಷ್ಟು, ಆ ಮಣ್ಣಿನಲ್ಲಿ ಬೆಳೆಯುವಾಗ ಜೀನುಗಳು ತೆರೆದು ಮುಚ್ಚುವ ಕ್ರಮದ ಪಾಲೆಷ್ಟು ಎಂಬುದು ಅಳೆದು ನೋಡತಕ್ಕ ವಿಷಯ.

ಅಳೆಯುವ ಸಾಧನವೂ ದೂರದಲ್ಲಿಲ್ಲ. ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿಯೇ, ಇಂದು ಅದೇ ಸಂಗಾರೆಡ್ಡಿ ಜಿಲ್ಲೆಗೆ ಸೇರಿದ ಪಟಾಂಚೆರುವಿನಲ್ಲಿ, 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇದೆ. ಒಣಬೇಸಾಯದ ಬೆಳೆಗಳ ಒಂದು ಲಕ್ಷಕ್ಕೂ ಮಿಕ್ಕ ಬೀಜದ ಮಾದರಿಗಳು ಅದರ ಭಂಡಾರದಲ್ಲಿವೆ. ಬಹುಕಾಲ ಉಳಿಯಬೇಕಾದವನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ತಣ್ಪಿನಲ್ಲಿ ಇರಿಸುತ್ತಾರೆ. ಆ ಸಂಸ್ಥೆಯ ನೇತೃತ್ವದಲ್ಲಿಯೇ 2011ರಲ್ಲಿ, ಆಶಾ ಎಂಬ ತಳಿಯನ್ನು ಆಧರಿಸಿ, ತೊಗರಿಯ ಜೀನುಸಮೂಹದ ಕರಡುನಕ್ಷೆ ಹೊರಬಂದಿತು. ಅದರಲ್ಲಿ 48,680 ಜೀನುಗಳನ್ನು ಗುರುತಿಸಿದ್ದರು. 2020ರಲ್ಲಿ ಅಲ್ಲಿಯ ವಿಜ್ಞಾನಿಗಳು ಸಂಕರ ತೊಗರಿಯನ್ನೂ ಅದರ ತಾಯಿತಂದೆ ತಳಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಮೀಥೈಲಿನ ಹರಹನ್ನು ಹೋಲಿಸಿ, ಸಂಕರದ ಹುರುಪಿನೊಡನೆ ಅದರ ವ್ಯತ್ಯಾಸಕ್ಕೆ ಸಂಬಂಧವಿದೆಯೆಂದು ಪ್ರಕಟಿಸಿದರು. ಹಾಗೆಂದ ಮೇಲೆ, ಮುಂದಿನ ವರ್ಷಕ್ಕೆ ಬೀಜ ಹಿಡಿಯಲಾಗದ ಸಂಕರತಳಿಯಲ್ಲಿ ಕಂಡ ವಿಷಯವನ್ನು, ತಲೆತಲಾಂತರದಿಂದ ಬೀಜ ಹಿಡಿಯುತ್ತ ಬಂದ ನಾಟಿ ತೊಗರಿಯಲ್ಲಿ ನೋಡುವುದು ಏಕೆ ಬೇಡ?

ಕೆಲಸ ಸರಳವೂ ಅಲ್ಲ, ಅಸಾಧ್ಯವೂ ಅಲ್ಲ. ತಣ್ಪಿನ ಕೋಣೆಯಲ್ಲಿ ದಶಕಗಳಿಂದ ನಿದ್ರಿಸುತ್ತಿರುವ ಈ ಸೀಮೆಯ ತೊಗರಿಯ ಮಾದರಿಯೊಂದನ್ನು ಎಬ್ಬಿಸಿ, ಅದೇ ಹೆಸರಿನ ತಳಿಯನ್ನು ಅಷ್ಟೂ ವರ್ಷ ಬಿಡದೆ ಬಿತ್ತಿಕೊಂಡು ಬಂದ ಹೆಂಗಸಿನ ಬುಟ್ಟಿಯ ಬೀಜದೊಡನೆ ಒಂದೇ ಹೊಲದಲ್ಲಿ, ಒಂದೇ ಮಳೆಗೆ, ಸಾಲು ಬಿಟ್ಟು ಸಾಲು ಬಿತ್ತಬೇಕು. ತೊಗರಿಯಲ್ಲಿ ಜೇನ್ನೊಣಗಳಿಂದ ಪರಪರಾಗ ಸೇರುವುದು ಸಾಮಾನ್ಯವಾದ್ದರಿಂದ ಜೀನುಗಳ ಸರಣಿಯಲ್ಲಿಯೇ ಆಗಿರುವ ಬೆರಕೆಯನ್ನು ಮೊದಲು ಅಳೆದು ಕಳೆಯಬೇಕು. ಉಳಿದ ವ್ಯತ್ಯಾಸದಲ್ಲಿ ಮೀಥೈಲಿನ ಗುರುತು ಎಷ್ಟು, ಅದು ಎಷ್ಟು ಪೀಳಿಗೆ ನಿಲ್ಲುತ್ತದೆ ಎಂಬುದನ್ನು ಕನಿಷ್ಠ ಮೂರು ನಾಲ್ಕು ಸುಗ್ಗಿಗಳವರೆಗೆ ಹಿಂಬಾಲಿಸಿ ನೋಡಬೇಕು. ಹೊಲವನ್ನು ಆರಿಸುವ, ತೆನೆ ಕಾಯಿಗಳನ್ನು ಗುರುತಿಸುವ, ಬೀಜವನ್ನು ಮೆತ್ತಿ ಇಡುವ ಕೆಲಸ ಸಂಘದ ಹೆಂಗಸರದಾಗಬೇಕು, ಅವರ ಹೆಸರು ವರದಿಯಲ್ಲಿ ಸಂಶೋಧಕರ ಹೆಸರಿನೊಡನೆಯೇ ಅಚ್ಚಾಗಬೇಕು. ಅಂಥ ಬಿತ್ತನೆಗೆ ಪಸ್ತಾಪುರದ ಕೆಂಪುಭೂಮಿಯ ಒಂದು ಎಕರೆ, ತಾಂಡೂರಿನ ಎರೆಯ ಒಂದು ಎಕರೆ ಸಾಕು; ಜೂನಿನ ಮೃಗಶಿರಾ ಮಳೆಗೆ ತೊಡಗಿದರೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮೊದಲ ಬೆಳೆಯ ಕಾಯಿ ಒಣಗುತ್ತ ಬಂದಿರುತ್ತದೆ.